ಅಮೆರಿಕ ನೋಡಿ ಬಂದ ರೊಟ್ಟಿ

ಫ್ಲೋರಿಡಾ ಗೆದ್ದಿತು, ಅರಿಝೋನಾ ಸೋತಿತು. ಅರಿಝೋನಾದ ಜೊತೆಗೆ ನಾನೂ ಸೋತೆ. ನಡೆದದ್ದು ಇಷ್ಟೇ. ಮನೆಮಂದಿಯೆಲ್ಲ ಕೂತು, ಹಿಂದುಮುಂದು ವಿಚಾರ ಮಾಡಿ, ಮೊಮ್ಮಗಳಿಗೆ ಅಮೆರಿಕದ ಯಾವ ರಾಜ್ಯ ಒಳ್ಳೆಯದೆಂದು ಠರಾಯಿಸಿದೆವು ಅಂತ ನನ್ನ ಮಗ ಅಶೋಕ ತನ್ನ ಅಂಗಡಿಯಿರುವ ಸೊಲ್ಲಾಪುರ ರಸ್ತೆಯ ತುಂಬ ಹೇಳಿಕೊಂಡು ತಿರುಗುತ್ತಿದ್ದಾನೆ. ಅದು ಸುಳ್ಳು. ಅವನು ಮಾಡಿದ ವಿಚಾರವನ್ನು ಯಾರೂ ಕೇಳಲಿಲ್ಲ. ಠರಾಯಿಸಿದ್ದು ಒಂದು ಡಬ್ಬಿ ಕಡಕ್ ರೊಟ್ಟಿ.

ಇದೆಲ್ಲ ಮತ್ತೆ ನೆನಪಾದದ್ದು ಮೊನ್ನೆ ಸ್ಟೇಷನ್ ರಸ್ತೆಯ ಪಾತ್ರೆ ಅಂಗಡಿಯಲ್ಲಿ. ಸೌಟು ಕೊಳ್ಳಲು ಹೋಗಿದ್ದೆ. ಮೇಲಿನ ಹಲಗೆಯಲ್ಲಿ ಅಂಥದೇ ಅಗಲ ಬಾಯಿಯ ಸ್ಟೀಲ್ ಡಬ್ಬಿ ಕೂತಿತ್ತು, ನನ್ನನ್ನೇ ನೋಡುತ್ತ. ನನಗೆ ನಗು ಬಂತು. ಒಬ್ಬಳೇ ನಿಂತು, ಸೌಟು ಕೈಯಲ್ಲಿ ಹಿಡಿದು, ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲದಂತೆ ನಕ್ಕೆ. ಅಂಗಡಿಯವನು ಹೆದರಿ, ನಾನು ಕೇಳುವ ಮೊದಲೇ ಸೌಟಿನ ದರ ಇಳಿಸಿದ. ಚೌಕಾಸಿ ಮಾಡಲು ಇಷ್ಟು ಸುಲಭದ ಹಾದಿಯಿದೆ ಅಂತ ನನಗೆ ಇಷ್ಟು ವಯಸ್ಸಾಗುವ ತನಕ ಗೊತ್ತಿರಲಿಲ್ಲ.

ಅಮೆರಿಕದ ಬಗ್ಗೆ ಮಾತಾಡಲು ಈ ಮುದುಕಿಗೇನು ಹಕ್ಕು ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಾನು ಅಮೆರಿಕ ನೋಡಿಲ್ಲ. ಪುಣೆಯನ್ನೂ ನೋಡಿಲ್ಲ. ಸಾಲಿ ಕಲಿತದ್ದು ಮೂರನೆಯ ಇಯತ್ತೆಯ ತನಕ. ನಾಲ್ಕನೆಯದಕ್ಕೆ ಹೋಗಬೇಕೆನ್ನುವ ಹೊತ್ತಿಗೆ ಮನೆಯಲ್ಲಿ ಎಮ್ಮೆ ಈಯಿತು. ಅದನ್ನು ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು. ಎಮ್ಮೆ ಗೆದ್ದಿತು. ಹುಟ್ಟಿದ್ದು ಬಬಲೇಶ್ವರದಲ್ಲಿ, ಕೊಟ್ಟದ್ದು ತಿಕೋಟಾಕ್ಕೆ, ಈಗ ಇರುವುದು ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ. ಮೂರು ಊರು ಕಂಡಿದ್ದೇನೆ. ಎರಡು ರಾಜ್ಯ ಅಳೆಯಲು ಅಷ್ಟು ಸಾಕು ಅಂದುಕೊಂಡಿದ್ದೆ. ಸಾಲಲಿಲ್ಲ, ಆ ಮಾತು ಆಮೇಲೆ.

ಮೊಮ್ಮಗಳು ಸುಜಾತಾ, ಅಶೋಕನ ಮಗಳು. ನರ್ಸ್. ಇಲ್ಲಿ ಕಲಿತು, ಸೊಲ್ಲಾಪುರದಲ್ಲಿ ಕೆಲಸ ಮಾಡಿ, ಅದೇನೋ ಪರೀಕ್ಷೆ ಪಾಸಾಗಿ ಅಮೆರಿಕಕ್ಕೆ ಹೋದಳು. ಅವಳ ದವಾಖಾನೆಯವರಿಗೆ ನಾಲ್ಕೂ ದಿಕ್ಕಿಗೆ ದವಾಖಾನೆಗಳಿವೆಯಂತೆ. ನಮ್ಮಲ್ಲಿ ಮಾಸ್ತರರನ್ನು ವರ್ಗ ಮಾಡುವಂತೆ ಇವಳನ್ನು ಮೊದಲು ಫ್ಲೋರಿಡಾ ರಾಜ್ಯಕ್ಕೆ ಹಾಕಿದರು, ಆಮೇಲೆ ಅರಿಝೋನಾ ರಾಜ್ಯಕ್ಕೆ. ಈಗ ಎರಡರಲ್ಲಿ ಒಂದನ್ನು ಆರಿಸಿಕೋ, ಅಲ್ಲೇ ಕಾಯಂ ಇರು ಅಂದಿದ್ದಾರೆ. ಅರಿಝೋನಾದಿಂದ ರಜೆಗೆ ಬಂದವಳು ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಇದನ್ನು ಹೇಳಿದಳು.

"ಸೋಮವಾರ ಹೇಳಬೇಕಾಗೇತಿ. ನನಗ ತಿಳೀವಲ್ದು. ನೀವ ಹೇಳ್ರಿ."

'ನೀವ ಹೇಳ್ರಿ' ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಬಾರದು. ಸೊಸೆ ಕಮಲಾ ಸಾರಿನ ಸೌಟನ್ನು ಅರ್ಧ ದಾರಿಯಲ್ಲೇ ನಿಲ್ಲಿಸಿದಳು. ಅಶೋಕ ಮೋಟರ್ ರಿವೈಂಡಿಂಗ್ ಮಾಡುವವನು. ಯಾವ ಮೋಟರ್ ಬಂದರೂ ಮೊದಲು ಪೂರ್ತಿ ಬಿಚ್ಚಿ ನೆಲದ ಮೇಲೆ ಹರವುತ್ತಾನೆ, ಕೆಟ್ಟದ್ದು ಒಂದೇ ತಂತಿಯಾದರೂ ಸರಿ. ಅಮೆರಿಕವನ್ನೂ ಹಾಗೇ ಹರವಿದ. ರಸ್ತೆ, ಮನೆ, ಬಿರುಗಾಳಿ, ಮೊಸಳೆ, ಹಾವು, ವಿಮಾನದ ದಾರಿ. ಅರಿಝೋನಾದಲ್ಲಿ ಬಿರುಗಾಳಿ ಇಲ್ಲ. ಫ್ಲೋರಿಡಾದಲ್ಲಿ ವರ್ಷಕ್ಕೊಮ್ಮೆ ಗಾಳಿ ಬಂದು ಮಾಳಿಗೆ ಕೇಳುತ್ತದೆ. ಅರಿಝೋನಾದಲ್ಲಿ ಚೇಳು, ಫ್ಲೋರಿಡಾದಲ್ಲಿ ಮನೆಯ ಹಿಂದಿನ ಹೊಂಡದಲ್ಲಿ ಮೊಸಳೆ.

"ಮೊಸಳಿ ಏನು ಮನಿಯೊಳಗ ಬರತೈತೇನು?" ಎಂದಳು ಕಮಲಾ.

"ಬಾಗಲಾ ತನಕಾ ಬರತೈತವ್ವಾ, ಬೆಲ್ ಒತ್ತೂದಿಲ್ಲ ಅಷ್ಟ" ಎಂದಳು ಸುಜಾತಾ, ಜೋರಾಗಿ ನಕ್ಕಳು.

ಆ ನಗು ನನಗೆ ಸೇರಲಿಲ್ಲ. ತಪ್ಪು ಊರಿಗೆ ಕೊಟ್ಟ ಹೆಣ್ಣುಮಕ್ಕಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ತವರಿಗೆ ಬಂದಾಗ ಅವರು ಅಳುವುದಿಲ್ಲ. ಬಹಳ ನಗುತ್ತಾರೆ. ಸುಜಾತಾ ಬಂದಾಗಿನಿಂದ ಬಹಳ ನಗುತ್ತಿದ್ದಳು, ಅರ್ಧ ರೊಟ್ಟಿಗೆ ಸಾಕೆನ್ನುತ್ತಿದ್ದಳು. ಯಾವುದೋ ಒಂದು ರಾಜ್ಯ ನಮ್ಮ ಹುಡುಗಿಯನ್ನು ಒಳಗಿನಿಂದ ತಿನ್ನುತ್ತಿತ್ತು. ಯಾವುದು ಅಂತ ಗೊತ್ತಿರಲಿಲ್ಲ. ತಪ್ಪಿ ಅಲ್ಲಿಗೇ ಕಾಯಂ ಕಳಿಸಿದರೆ ಮುಗಿಯಿತು. ನಾನು ಅಳತೆ ಶುರು ಮಾಡಿದೆ.

"ಅರಿಝೋನಾದಾಗ ಬಿಸಲು ಹೆಂಗೈತಿ?"

"ನಮ್ಮ ಏಪ್ರಿಲ್ ಇದ್ದಂಗ ಆಯಿ. ಆದ್ರ ಭಾಳ ತಿಂಗಳು."

"ಮಳಿ?"

"ಬಂದ್ರ ಮಂದಿ ಫೋಟೊ ತೆಗೀತಾರ."

"ಗಾಳಿ?"

"ಒಣಾ ಗಾಳಿ. ತುಟಿ ಒಡೀತಾವ."

ಸಾಕಾಯಿತು. ಅದು ತಿಕೋಟಾ. ನಮ್ಮ ತಿಕೋಟಾದ ಒಣ ಗಾಳಿಗೆ ದ್ರಾಕ್ಷಿಯನ್ನು ಶೆಡ್ಡಿನಲ್ಲಿ ಹರವಿದರೆ ತಾನೇ ಒಣದ್ರಾಕ್ಷಿಯಾಗುತ್ತದೆ; ನಾನು ಸೊಸೆಯಾಗಿ ಹೋದಾಗ ದ್ರಾಕ್ಷಿ ಇರಲಿಲ್ಲ, ಗಾಳಿಗೆ ಸಿಕ್ಕು ನಾವೇ ಒಣಗುತ್ತಿದ್ದೆವು. ಆದರೆ ಕೆಮ್ಮು ಇಲ್ಲ, ನೆಗಡಿ ಇಲ್ಲ, ಬೆಳಿಗ್ಗೆ ಒಗೆದ ಸೀರೆ ಹಿಂಡಿ ಹಾಕಿ ತಿರುಗಿ ನೋಡುವುದರೊಳಗೆ ಒಣಗಿರುತ್ತಿತ್ತು. ಒಣ ಊರು ಒಳ್ಳೆಯ ಊರು. ಫ್ಲೋರಿಡಾದ್ದು ಕೇಳಿದರೆ, ದಿನಾ ಮಧ್ಯಾಹ್ನ ಮಳೆ, ಮೂರೂ ಕಡೆ ನೀರು, ಒಗೆದ ಅರಿವೆ ಒಣಗುವುದಿಲ್ಲ, ಉಪ್ಪು ಡಬ್ಬಿಯಲ್ಲೇ ಬೆವರುತ್ತದೆ. ಅಂದರೆ ಬಬಲೇಶ್ವರ. ಅಲ್ಲಿನ ಕರಿಮಣ್ಣು ಮಳೆಗಾಲದಲ್ಲಿ ಚಪ್ಪಲಿ ಹಿಡಿದರೆ ಬಿಡುವುದಿಲ್ಲ. ಚಿಕ್ಕವಳಿದ್ದಾಗ ಒಂದು ಕಾಲಿನ ಚಪ್ಪಲಿ ಅಂಥ ಮಣ್ಣಿನಲ್ಲಿ ಬಿಟ್ಟು ಬಂದೆ. ಅದು ಇನ್ನೂ ಅಲ್ಲೇ ಇರಬೇಕು. ಜೋಳದ ರೊಟ್ಟಿ ಶ್ರಾವಣದಲ್ಲಿ ಮೆತ್ತಗಾಗುತ್ತದೆಂದು ನಮ್ಮವ್ವ ಅದನ್ನು ಒಲೆಯ ಗೋಡೆಗೆ ಒರಗಿಸಿ ಇಡುತ್ತಿದ್ದಳು, ಚಳಿ ಹಿಡಿದ ಕೂಸುಗಳ ಹಾಗೆ.

ರೊಟ್ಟಿಯ ಮಾತು ಬಂತು. ಅದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಮ್ಮ ಅತ್ತೆ ಯಾವುದೇ ಮನೆಯ ಯೋಗ್ಯತೆ ನೋಡುತ್ತಿದ್ದದ್ದು ಕಡಕ್ ರೊಟ್ಟಿಯಿಂದ. ಬಾಡಿಗೆಗಾಗಲಿ, ಕೊಳ್ಳಲಿಕ್ಕಾಗಲಿ, ಖಾಲಿ ಮನೆಯೊಳಗೆ ಒಂದು ರಾತ್ರಿ ಒಣರೊಟ್ಟಿ ಅರಿವೆಯಲ್ಲಿ ಕಟ್ಟಿ ತೂಗುಹಾಕಬೇಕು. ಬೆಳಿಗ್ಗೆ ಮುರಿದು ನೋಡಬೇಕು. ಪಟ್ ಅಂದರೆ ಮನೆ ಒಣಗಿದೆ, ಮಕ್ಕಳು ಕೆಮ್ಮುವುದಿಲ್ಲ. ಬಾಗಿದರೆ ಗೋಡೆಯಲ್ಲಿ ನೀರಿದೆ, ಬೇಡ. ತಿಕೋಟಾದಿಂದ ಈ ಊರಿಗೆ ಬರುವಾಗ ಅಶೋಕ ಅಥಣಿ ರಸ್ತೆಯ ಕಡೆ ಮನೆಗಳನ್ನು ನೋಡಿದ. ನಾನು ಒಂದೊಂದಕ್ಕೂ ರೊಟ್ಟಿ ಕಟ್ಟುತ್ತ ಹೋದೆ. ಒಂದು ಮನೆಯ ಮಾಲೀಕ ಬೆಳಿಗ್ಗೆ ಬಾಗಿಲು ತೆರೆದವನು ತೊಲೆಗೆ ನೇತಾಡುವ ಗಂಟು ನೋಡಿ ಹೊರಗೇ ನಿಂತ.

"ಇದೇನು ಮಾಟಾ ಮಾಡಾಕತ್ತೀರೇನ್ರಿ ನನ್ನ ಮನಿಗೆ?"

"ಮಾಟ ಅಲ್ಲೋ ಯಪ್ಪಾ, ನಾಷ್ಟಾ" ಅಂದೆ. ಗಂಟು ಬಿಚ್ಚಿ ರೊಟ್ಟಿ ಮುರಿಯಲು ಹೋದೆ. ಅದು ಮುದುಕರ ಬೆನ್ನಿನ ಹಾಗೆ ಬಾಗಿತು. ಆ ಮನೆ ಬಿಟ್ಟೆವು. ಈಗಿನ ಮನೆಯಲ್ಲಿ ಪಟ್ ಅಂತು. ತೆಗೆದುಕೊಂಡೆವು. ಇಂದಿಗೂ ಗೋಡೆಗೆ ಒಂದು ಕಲೆ ಇಲ್ಲ. ನಲ್ಲಿಯಲ್ಲಿ ನೀರು ಬರುವುದಿಲ್ಲ ಎನ್ನುವುದನ್ನು ಮಾತ್ರ ರೊಟ್ಟಿ ಹೇಳಿರಲಿಲ್ಲ. ಮನೆ ಎಷ್ಟು ಒಣಗಿದೆ ಅಂತ ನಳದವನಿಗೂ ಗೊತ್ತು. ಈ ಮಾತನ್ನು ಅಶೋಕ ಎತ್ತಿದಾಗಲೆಲ್ಲ ನಾನು ಕಿವಿ ಕೇಳಿಸದವಳಾಗುತ್ತೇನೆ.

ಅಂಥ ಮನೆತನದ ಹುಡುಗಿ ಅಮೆರಿಕಕ್ಕೆ ಹೊರಟಾಗ ಬರಿಗೈಯಲ್ಲಿ ಕಳಿಸುತ್ತೇನೆಯೇ? ಸ್ಟೇಷನ್ ರಸ್ತೆಯಿಂದ ಡಬ್ಬಿ ತಂದೆ. ಬಿಳಿಜೋಳದ ರೊಟ್ಟಿ ತೆಳ್ಳಗೆ ಬಡಿದು, ಸುಟ್ಟು, ಒಣಗಿಸಿ, ಡಬ್ಬಿಯ ಕಂಠದ ತನಕ ತುಂಬಿಸಿದೆ. ಒಂದೇ ಮಾತು ಹೇಳಿದೆ: "ಡಬ್ಬಿ ತಿರುಗಿ ಬರಬೇಕು. ಖಾಲಿ ಬರಬಾರದು." ನಮ್ಮಲ್ಲಿ ಯಾರ ಮನೆಯ ಡಬ್ಬಿಯನ್ನೂ ಖಾಲಿ ತಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸೇಂಗಾ, ಅದೂ ಇಲ್ಲದಿದ್ದರೆ ನಾಲ್ಕು ಹಸಿಮೆಣಸಿನಕಾಯಿ. ಖಾಲಿ ಡಬ್ಬಿ ತಿರುಗಿಸುವವರ ಜೊತೆಗೆ ನಾನು ಮಾತು ಬಿಡುವುದಿಲ್ಲ, ಡಬ್ಬಿ ಕಳಿಸುವುದನ್ನು ಬಿಡುತ್ತೇನೆ.

ಫ್ಲೋರಿಡಾ ಮುಟ್ಟಿದ ಮೇಲೆ ಹುಡುಗಿ ಫೋನ್ ಮಾಡಿದಳು. ಹೋದೆ, ಮುಟ್ಟಿದೆ, ಉಂಡೆ ಎಲ್ಲ ಆಯಿತು. ಕಡೆಗೆ, "ಆಯಿ, ರೊಟ್ಟಿ ಮೆತ್ತಗಾದುವು" ಅಂದಳು.

ನಾನು ಫೋನ್ ಇಟ್ಟೆ. ನನ್ನ ರೊಟ್ಟಿಯನ್ನು ಮೆತ್ತಗೆ ಅಂದವರು ಹುಟ್ಟಿರಲಿಲ್ಲ. ಆ ರಾಜ್ಯದ ಮೇಲೆ ಅಂದೇ ಸಿಟ್ಟು ಬಂತು. ಆಮೇಲೆ ಅವಳನ್ನು ಅರಿಝೋನಾಕ್ಕೆ ಹಾಕಿದಾಗ, ಆ ಕಡೆ ಹೊರಟಿದ್ದ ಸೊಲ್ಲಾಪುರದ ಪರಿಚಯದವರ ಕೈಯಲ್ಲಿ ಎರಡನೆಯ ಡಬ್ಬಿ ತುಂಬಿಸಿ ಕಳಿಸಿದೆ. ಈ ಸಲ ಫೋನಿನಲ್ಲಿ ಹುಡುಗಿ, "ರೊಟ್ಟಿ ಹಂಗ ಅದಾವ ಆಯಿ, ಕಡಕ್" ಅಂದಳು. ನಾನು ಇಡೀ ಓಣಿಗೆ ಹೇಳಿದೆ. ಅರಿಝೋನಾದವರು ತಿಳಿದ ಮಂದಿ.

ಇಷ್ಟು ಪೂರ್ವಕಥೆ. ಈಗ ಭಾನುವಾರಕ್ಕೆ ಬನ್ನಿ.

ಭಾನುವಾರ ಮಧ್ಯಾಹ್ನ ಬಬಲೇಶ್ವರದ ಬಸ್ಸಿನಿಂದ ನನ್ನ ತಂಗಿ ಶಾಂತವ್ವ ಇಳಿದಳು. ಅವಳನ್ನು ಊರಲ್ಲೇ ಕೊಟ್ಟಿದ್ದು. ಮದುವೆಯಾಗಿ ನಾಲ್ಕು ಮನೆ ದಾಟಿದವಳು, ಆ ಕಡೆಯ ಭೂಮಿಯನ್ನೆಲ್ಲ ತಾನೇ ಉತ್ತಂತೆ ಮಾತಾಡುತ್ತಾಳೆ. ಚಪ್ಪಲಿ ಬಿಡುತ್ತಲೇ ಕೇಳಿದಳು.

"ಏನೋ ಎರಡು ಊರು ಹಚ್ಚಿ ಕುಂತೀರಂತ? ನೀರಿದ್ದದ್ದು ಯಾವುದು?"

"ಫ್ಲೋರಿಡಾ" ಅಂದ ಅಶೋಕ.

"ಮತ್ತ ಅದ. ನೀರು ಬಿಟ್ಟು ಯಾರರೆ ಹೋಗತಾರೇನು?"

"ಬರ್ರಿ ಬಬಲೇಶ್ವರದ ರಾಣಿಯವರ" ಅಂದೆ ನಾನು. "ನಿಮಗ ಕಾಲುವಿ ಬಂದ ಮ್ಯಾಲ ನೆಲಕ್ಕ ಕಾಲು ಹತ್ತವಲ್ವು. ನೀರಷ್ಟ ಇದ್ರ ಆತೇನು? ಅಲ್ಲಿ ಉಪ್ಪು ಕರಗತೈತಿ."

"ಕರಗಲಿ ಬಿಡಬೇ. ಸಾರಿಗೆ ಹಾಕಿದ್ರೂ ಕರಗತೈತಿ. ಹುಟ್ಟಿದ ಊರು ಮರತಾಕಿ ನೀನು. ಗಂಡನ ಊರಿನ ಕಲ್ಲಿಗೂ ಕೈ ಮುಗೀತೀ."

"ಕಲ್ಲಿದ್ರ ಮನಿ ಕಟ್ಟಬೋದು. ನಿಮ್ಮ ಮಣ್ಣಾಗ ಮನಿ ಕಟ್ಟಿದ್ರ ಬಾಗಲಾ ಒಂದು ಕಡೆ, ಕಿಡಕಿ ಒಂದು ಕಡೆ."

ಅಮೆರಿಕ ಅಲ್ಲಿಗೆ ಮರೆತುಹೋಯಿತು. ನಾವಿಬ್ಬರೂ ಒಂದು ತಾಸು ತಿಕೋಟಾ ಬಬಲೇಶ್ವರ ಜಗಳಾಡಿದೆವು. ನಡುನಡುವೆ ನೆನಪಾದಾಗ ತಿಕೋಟಾ ಅನ್ನುವಲ್ಲಿ ಅರಿಝೋನಾ, ಬಬಲೇಶ್ವರ ಅನ್ನುವಲ್ಲಿ ಫ್ಲೋರಿಡಾ ಸೇರಿಸಿದೆವು. ಫ್ಲೋರಿಡಾದ ಬದನೆಕಾಯಿ ಮೇಲು ಅಂತ ಶಾಂತವ್ವ ಹೇಳಿದಳು. ಅರಿಝೋನಾದ ಹೆಣ್ಣುಮಕ್ಕಳು ದುಡಿಯುವುದರಲ್ಲಿ ಗಟ್ಟಿ ಅಂತ ನಾನು ಹೇಳಿದೆ. ಅಶೋಕ ನಡುವೆ ಬಾಯಿ ಹಾಕಿ, "ಅಲ್ಲಿ ಮನಿ ತೆರಿಗಿ..." ಅಂದ. ಇಬ್ಬರೂ ಒಟ್ಟಿಗೆ, "ನೀ ಸುಮ್ಮ ಕುಂದರೋ" ಅಂದೆವು. ಅದೊಂದರಲ್ಲಿ ಮಾತ್ರ ಅಕ್ಕತಂಗಿ ಒಂದಾದದ್ದು.

ಸುಜಾತಾ ಕಂಬಕ್ಕೆ ಒರಗಿ ಕೂತಿದ್ದಳು. ನಗುತ್ತಿದ್ದಳು. ಬಹಳ.

ಕಡೆಗೆ ನಾನು ಎದ್ದೆ. ಮಾತಿನಲ್ಲಿ ಗೆಲ್ಲದಿದ್ದಾಗ ಸಾಕ್ಷಿ ತರಬೇಕು. ಒಳಗೆ ಹುಡುಗಿಯ ಬ್ಯಾಗಿನ ಪಕ್ಕದಲ್ಲಿ ಅರಿಝೋನಾದಿಂದ ತಿರುಗಿ ಬಂದ ಡಬ್ಬಿ ಇತ್ತು. ಬಂದ ದಿನವೇ ಎತ್ತಿ ನೋಡಿ, ಖಾಲಿ ಇಲ್ಲ ಅಂತ ಸಂತೋಷಪಟ್ಟು, ಅಮೆರಿಕದ ತಿಂಡಿಯಿರಬೇಕು, ಪುರಸೊತ್ತಿನಲ್ಲಿ ತೆಗೆದರಾಯಿತು ಅಂತ ಬಿಟ್ಟಿದ್ದೆ. ಅದನ್ನು ತಂದು ನಡುಮನೆಯಲ್ಲಿ, ಬುದ್ಧನ ಫೋಟೊದ ಕೆಳಗೆ, ಎಲ್ಲರ ನಡುವೆ ಇಟ್ಟೆ. ಮುಚ್ಚಳ ತೆಗೆದೆ.

ಒಳಗೆ ನನ್ನವೇ ರೊಟ್ಟಿ.

ನನಗೆ ಇನ್ನೂ ಉಬ್ಬು ಬಂತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಮೇಲಿನ ರೊಟ್ಟಿ ಎತ್ತಿ, ಶಾಂತವ್ವನ ಕಿವಿಯ ಹತ್ತಿರ ಹಿಡಿದು, ಮುರಿದೆ. ಪಟ್! ಕೋಲು ಮುರಿದ ಹಾಗೆ. ಚೂರು ಹಾರಿ ಅಶೋಕನ ಚಹಾದ ಕಪ್ಪಿನಲ್ಲಿ ಬಿತ್ತು.

"ಕೇಳಿದೇನು? ಇದು ರಾಜ್ಯ ಅಂದ್ರ! ಇಷ್ಟು ದಿನಾ ಆದ್ರೂ ಹಂಗ ಐತಿ. ನಿನ್ನ ಫ್ಲೋರಿಡಾದಾಗ ಇಟ್ಟಿದ್ರ ಇಷ್ಟೊತ್ತಿಗೆ ಬೂಸರ ಬಂದಿರತಿತ್ತು."

ಕಮಲಾ ಚಪ್ಪಾಳೆ ತಟ್ಟಿದಳು. ಅಶೋಕ ಕಪ್ಪಿನಿಂದ ಚೂರು ತೆಗೆದು ತಿಂದು, "ಮಸ್ತ್ ಐತಿ" ಅಂದ. ನಾನು ಗೆದ್ದೆ. ಸೆರಗು ಸರಿಮಾಡಿಕೊಂಡು ಕೂತೆ.

ಶಾಂತವ್ವ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು. ಒಳಗೆ ಕೈ ಹಾಕಿ, ಬುಡದ ತನಕ ತಡವಿ ನೋಡಿದಳು. ಆಮೇಲೆ ಕೇಳಿದಳು.

"ಯಕ್ಕಾ, ಡಬ್ಬಿ ತುಂಬಾ ಐತೆಲ್ಲ. ಇಷ್ಟು ಕಡಕ್ ಇದ್ರ ತಿಂದಿಲ್ಲ ಯಾಕ?"

ಎಲ್ಲರೂ ಸುಜಾತಾಳ ಕಡೆ ನೋಡಿದೆವು. ಅವಳು ಈ ಸಲ ನಗಲಿಲ್ಲ.

"ಒಬ್ಬಾಕಿನ ಕುಂತು ಎಷ್ಟು ತಿನ್ನಲಿ ಆಯಿ? ಅವು ಮುರದ್ರ ಭಾಳ ಸಪ್ಪಳ ಆಗತೈತಿ. ಮನ್ಯಾಗ ಅದೊಂದ ಸಪ್ಪಳ."

ನಾನು ನರ್ಸಿನ ಕೆಲಸ ಮಾಡಿದವಳಲ್ಲ, ಆದರೆ ರೋಗ ಎಲ್ಲಿದೆ ಅಂತ ಆಗ ತಿಳಿಯಿತು. ಅಕ್ಕಪಕ್ಕದವರಿಲ್ಲವೇ ಅಂತ ಕೇಳಿದೆ. ಇದ್ದಾರಂತೆ. ಬಿಸಿಲಿಗೆ ಯಾರೂ ಹೊರಗೆ ಬರುವುದಿಲ್ಲ. ಗ್ಯಾರೇಜಿನ ಬಾಗಿಲು ತಾನೇ ಏಳುತ್ತದೆ, ಕಾರು ಒಳಗೆ ಹೋಗುತ್ತದೆ, ಬಾಗಿಲು ತಾನೇ ಬೀಳುತ್ತದೆ. ಕೆಟ್ಟವರಲ್ಲ, ಕೈ ಬೀಸುತ್ತಾರೆ. ಕಾರಿನ ಒಳಗಿನಿಂದ.

"ಮತ್ತ ಫ್ಲೋರಿಡಾದಾಗ?" ಎಂದಳು ಶಾಂತವ್ವ. ದನಿಯಲ್ಲಿ ಬಬಲೇಶ್ವರ ಆಗಲೇ ಬಾವುಟ ಕಟ್ಟುತ್ತಿತ್ತು.

"ಅಲ್ಲಿ ಮೆತ್ತಗಾಗಿದ್ದುವು. ಚೆಲ್ಲಬೇಕು ಅಂತ ಹೊರಗ ತಗೊಂಡು ಹೊಂಟಿದ್ದೆ. ಬಾಜೂ ಮನಿ ಗ್ಲೋರಿಯಾ ನೋಡಿದಳು."

ಈ ಗ್ಲೋರಿಯಾ ಯಾವುದೋ ದ್ವೀಪದಿಂದ ಬಂದು ನೆಲೆಸಿದ ಮುದುಕಿ. ಬಾಗಿಲು ಬಡಿಯುವ ರೂಢಿ ಇಲ್ಲದವಳು. ರೊಟ್ಟಿ ನೋಡಿದವಳೇ ಡಬ್ಬಿ ಕಸಿದುಕೊಂಡಳಂತೆ. ಅವಳ ಊರಿನಲ್ಲೂ ಯಾವುದೋ ಗೆಡ್ಡೆಯ ಹಿಟ್ಟಿನಿಂದ ಇಷ್ಟೇ ಅಗಲದ, ಇಷ್ಟೇ ಒಣಗಿದ ರೊಟ್ಟಿ ಮಾಡುತ್ತಾರಂತೆ, ಅವೂ ಆ ಹವೆಗೆ ಮೆತ್ತಗಾಗುತ್ತವಂತೆ. ಹಂಚಿನ ಮೇಲೆ ಹಾಕಿ, ಬೆಳ್ಳುಳ್ಳಿ ಎಣ್ಣೆ ಸವರಿ, ಮೆಟ್ಟಿಲ ಮೇಲೆ ನಿಂತು ಕೂಗಿ ಇಡೀ ಸಾಲುಮನೆಯನ್ನು ಕರೆದಳು. ಹೊತ್ತು ಮುಳುಗುವುದರೊಳಗೆ ಡಬ್ಬಿ ಖಾಲಿ. ಮರುದಿನ ಅದೇ ಡಬ್ಬಿಯ ತುಂಬ ಪೇರಲಹಣ್ಣಿನ ಬರ್ಫಿ ಹಾಕಿ ತಂದುಕೊಟ್ಟಳು. ಇವಳು ಅದಕ್ಕೆ ಉಪ್ಪಿಟ್ಟು ತುಂಬಿಸಿ ಕೊಟ್ಟಳು, ಅವಳು ಅನ್ನ, ಇವಳು ಚಿತ್ರಾನ್ನ. ಅಲ್ಲಿದ್ದಷ್ಟು ದಿನ ಆ ಡಬ್ಬಿ ಎರಡು ಬಾಗಿಲ ನಡುವೆ ಬಬಲೇಶ್ವರದ ಬಸ್ಸಿನ ಹಾಗೆ ಓಡಾಡಿದೆ. ಹುಡುಗಿ ಅರಿಝೋನಾಕ್ಕೆ ಹೊರಡುವಾಗ ಅದು ಗ್ಲೋರಿಯಾಳ ಮನೆಯಲ್ಲಿತ್ತು, ಅಲ್ಲೇ ಉಳಿಯಿತು.

ಖಾಲಿ ಡಬ್ಬಿ ತಿರುಗಿಸಬಾರದು ಅಂತ ಆ ಹೆಣ್ಣುಮಗಳಿಗೆ ಯಾರು ಹೇಳಿಕೊಟ್ಟರು?

"ಇದನ್ನ ಯಾಕ ಹೇಳಲಿಲ್ಲ ನನಗ?" ಅಂತ ಗದರಿದೆ.

"ನೀ ಎಲ್ಲಿ ಹೇಳಾಕ ಬಿಟ್ಟಿ? ರೊಟ್ಟಿ ಮೆತ್ತಗಾದುವು ಅಂದಕೂಡ್ಲೇ ಫೋನ್ ಇಟ್ಟಿ."

ಶಾಂತವ್ವ ತೊಡೆ ತಟ್ಟಿ ನಕ್ಕಳು. ನಗಲಿ. ತಂಗಿಯರಿರುವುದೇ ಅದಕ್ಕೆ.

"ಅಷ್ಟಿದ್ರ ಫ್ಲೋರಿಡಾನ ಬೇಕು ಅನ್ನಬೇಕಿತ್ತಿಲ್ಲವಾ?" ಅಂದ ಅಶೋಕ.

"ಏನಂತ ಅನ್ನಲಿ ಪಪ್ಪಾ? ನಿಮ್ಮ ಲೆಕ್ಕದಾಗ ಎಲ್ಲಾ ಅರಿಝೋನಾನ ಬರತೈತಿ. ಬಾಜೂ ಮನಿ ಮುದುಕಿ ಸಲುವಾಗಿ ರಾಜ್ಯ ಆರಿಸಿಕೊಂಡೆ ಅಂದ್ರ ನಗತೀರಿ ನೀವು."

ಯಾರೂ ನಗಲಿಲ್ಲ. ಶಾಂತವ್ವ ಕೂಡ ನಿಲ್ಲಿಸಿದಳು. ಯಾಕೆಂದರೆ ಅವಳಿಗೆ ಗೊತ್ತು. ಮದುವೆಯಾದ ಹೊಸದರಲ್ಲಿ ನಾನು ತಿಕೋಟಾದಿಂದ ಒಮ್ಮೆ ಗಂಟು ಕಟ್ಟಿಕೊಂಡು ತವರಿಗೆ ಹೊರಟಿದ್ದೆ, ಇನ್ನು ಬರುವುದಿಲ್ಲ ಅಂತ. ಗೋಡೆಯಾಚೆಯ ಕಾಶೀಬಾಯಿ, ಅಲ್ಲಿಯ ತನಕ ಒಂದು ಮಾತೂ ಆಡಿರದವಳು, ಪುಂಡಿಪಲ್ಯದ ಬಟ್ಟಲು ಚಾಚಿ, "ಉಂಡು ಹೋಗವ್ವ, ದಾರಿ ದೂರ ಐತಿ" ಅಂದಳು. ಉಂಡೆ. ಬಟ್ಟಲು ಖಾಲಿ ತಿರುಗಿಸಬಾರದಲ್ಲ, ಏನಾದರೂ ಮಾಡಿ ಹಾಕಬೇಕಲ್ಲ ಅಂತ ಗಂಟು ಬಿಚ್ಚಿದೆ. ಅವತ್ತು ಬಿಚ್ಚಿದ ಗಂಟನ್ನು ತಿರುಗಿ ಕಟ್ಟಲು ಪುರಸೊತ್ತೇ ಆಗಲಿಲ್ಲ. ಒಣ ಗಾಳಿ, ಗಟ್ಟಿ ಊರು ಅಂತೆಲ್ಲ ನಾನು ತಿಕೋಟಾವನ್ನು ಹೊಗಳುವುದು ಆಮೇಲೆ ಕಲಿತದ್ದು.

"ಹಚ್ಚು ಫೋನು" ಅಂದೆ. "ಆ ಮುದುಕಿನ್ನ ನಾ ನೋಡಬೇಕು."

ಇಲ್ಲಿ ದೀಪ ಹಚ್ಚುವ ಹೊತ್ತು, ಅಲ್ಲಿ ಬೆಳಗಿನ ನಾಷ್ಟಾದ ಹೊತ್ತು. ಫೋನಿನ ತುಂಬ ಒಂದು ದೊಡ್ಡ ಮುಖ ಬಂತು. ಕೂದಲಿಗೆಲ್ಲ ಬಣ್ಣಬಣ್ಣದ ಉರುಟು ಸುರುಳಿ ಸುತ್ತಿಕೊಂಡಿದ್ದಳು, ಅಶೋಕನ ಅಂಗಡಿಯ ಕಾಯಿಲ್ ಇದ್ದ ಹಾಗೆ. ಸುಜಾತಾಳನ್ನು ನೋಡಿದವಳೇ ಕಿರುಚಿದಳು. ಫೋನಿನ ಆಚೆ ಇದ್ದವರು ದೂರ ಇದ್ದಾರೆ, ಜೋರಾಗಿ ಕೂಗಬೇಕು ಎಂಬ ನಂಬಿಕೆ ನನ್ನ ಹಾಗೆ ಅವಳಿಗೂ ಇತ್ತು. ಅವಳು ಕೂಗಿದಳು, ನಾನೂ ಕೂಗಿದೆ. ಪಕ್ಕದ ಮನೆಯವರು ಕಿಟಕಿ ತೆಗೆದು ನೋಡಿದರು.

"ಏನಂತಾಳ?"

"ಆ ರೊಟ್ಟಿ ಮಾಡಿದಾಕಿ ನೀನೇನು ಅಂತ ಕೇಳಾಕತ್ತಾಳ."

"ಹೌದು ಅಂತ ಹೇಳು. ಚಲೋತ್ನಾಗಿ ಹೇಳು."

ಹುಡುಗಿ ಹೇಳಿದಳು. ಗ್ಲೋರಿಯಾ ಎದೆಯ ಮೇಲೆ ಕೈಯಿಟ್ಟುಕೊಂಡು ಏನೋ ಹಾಡಿದಂತೆ ಅಂದು ಮಾಯವಾದಳು. ನಾನು ಹೊಗಳಿಕೆ ಕೇಳಲು ಸಿದ್ಧಳಾಗಿ ಕೂತೆ. ತಿರುಗಿ ಬಂದವಳ ಕೈಯಲ್ಲಿ ಉಪ್ಪಿನ ಡಬ್ಬಿ ಇತ್ತು. ಅದನ್ನು ನನ್ನ ಮುಖದ ಮುಂದೆ ಹಿಡಿದು ಗಲಗಲ ಅಲ್ಲಾಡಿಸಿದಳು. ಬೆರಳಾಡಿಸಿ ಬೈದಳು.

"ಈಗ ಏನಂತಾಳ?"

ಸುಜಾತಾಗೆ ನಗು ತಡೆಯಲಾಗಲಿಲ್ಲ. ಈ ನಗು ಬೇರೆ. ಇದು ಹೊಟ್ಟೆಯಿಂದ ಬಂದದ್ದು, ಮೂಗಿನಿಂದಲೂ ಸ್ವಲ್ಪ ಬಂತು. "ರೊಟ್ಟಿ ಚಲೋ ಅದಾವಂತ. ಆದ್ರ ಇಷ್ಟು ವಯಸ್ಸಾದ್ರೂ ಹಿಟ್ಟಿಗೆ ಉಪ್ಪು ಹಾಕೂದು ಯಾರೂ ಕಲಿಸಲಿಲ್ಲೇನು ಅಂತಾಳ."

ಕಮಲಾ ಅಡಿಗೆಮನೆಗೆ ಓಡಿದಳು. ಸೊಸೆಯರು ಅತ್ತೆಯ ಮುಂದೆ ಅಷ್ಟು ನಗಬಾರದು. ಶಾಂತವ್ವ ನೆಲಕ್ಕೇ ಒರಗಿದಳು. ಅಶೋಕನ ಕಣ್ಣಲ್ಲಿ ನೀರು. ನನ್ನ ಅತ್ತೆಯ ಮನೆಯಲ್ಲಿ ಹಿಟ್ಟಿಗೆ ಉಪ್ಪು ಹಾಕುವ ಪದ್ಧತಿ ಇಲ್ಲ. ಬಿಳಿಜೋಳಕ್ಕೆ ತನ್ನದೇ ರುಚಿ ಇದೆ, ಉಪ್ಪು ಬೇಕಾದವರು ಪಲ್ಯಕ್ಕೆ ಹಾಕಿಕೊಳ್ಳಲಿ. ಇದನ್ನು ಅವಳಿಗೆ ಬಿಡಿಸಿ ಹೇಳಿದೆ. ಅವಳು ಒಪ್ಪಲಿಲ್ಲ. ನಾನು ಬೈದೆ, ಅವಳೂ ಬೈದಳು. ಸುಜಾತಾ ಅವಳ ಮಾತು ನನಗೆ, ನನ್ನ ಮಾತು ಅವಳಿಗೆ ತಿಳಿಸುವುದನ್ನು ಅರ್ಧಕ್ಕೇ ಬಿಟ್ಟಳು, ನಮಗೂ ಬೇಕಾಗಲಿಲ್ಲ.

ಕಡೆಗೆ ಗ್ಲೋರಿಯಾ ಬಗ್ಗಿ ಏನೋ ಎತ್ತಿ ತೋರಿಸಿದಳು. ನನ್ನ ಡಬ್ಬಿ. ಸ್ಟೇಷನ್ ರಸ್ತೆಯದು. ಮುಚ್ಚಳ ತೆಗೆದು ವಾಲಿಸಿದಳು. ಕೆಂಪು ಬರ್ಫಿ, ಕಂಠದ ತನಕ.

"ತುಂಬಿಸಿ ಇಟ್ಟೇನಿ, ಯಾವಾಗ ಬರತೀ ಅಂತಾಳ" ಅಂದಳು ಸುಜಾತಾ. ದನಿ ಸಣ್ಣದಾಗಿತ್ತು.

ನಾನು ಶಾಂತವ್ವನ ಮುಖ ನೋಡಲಿಲ್ಲ. ನೋಡಿದ್ದರೆ ಮಾತು ಹೊರಡುತ್ತಿರಲಿಲ್ಲ.

"ಫ್ಲೋರಿಡಾ ಅಂತ ಹೇಳಿಬಿಡು ನಿಮ್ಮ ದವಾಖಾನಿಯವರಿಗೆ" ಅಂದೆ.

"ಆಯಿ, ಬಿರುಗಾಳಿ? ಮೊಸಳಿ?"

"ಮೊಸಳಿ ಬಂದ್ರ ಆ ಮುದುಕಿನ್ನ ಮುಂದ ಬಿಡು. ಉಪ್ಪು ಸಾಲದು ಅಂತ ಬೈದು ಓಡಸತಾಳ."

"ಅಲ್ಲಿ ರೊಟ್ಟಿ ಮೆತ್ತಗಾಗತಾವಲ್ಲಬೇ?" ಅಂದಳು ಶಾಂತವ್ವ. ಅವಳಿಗೆ ಗೆದ್ದದ್ದು ಸಾಲದು, ನನ್ನ ಬಾಯಿಂದ ಕೇಳಬೇಕು.

"ಆಗಲಿ. ತಿಂದು ಉಳದ್ರ ಅಲ್ಲಾ ಮೆತ್ತಗಾಗೂದು?" ಅಂದೆ.

ಹುಡುಗಿ ಅವತ್ತು ಎರಡು ರೊಟ್ಟಿ ಉಂಡು, ಮೂರನೆಯದಕ್ಕೆ ಕೈ ಚಾಚಿದಳು. ಶಾಂತವ್ವ ಕಡೆಯ ಬಸ್ಸಿಗೆ ಹೋಗದೆ ಉಳಿದು, ಮಲಗುವ ತನಕ ಬಬಲೇಶ್ವರದ ಕಾಲುವೆಯ ಬಗ್ಗೆ ಹೇಳಿದಳು. ನಾನು ಕಿವಿ ಕೇಳಿಸದವಳಾದೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಅರಿಝೋನಾ ನೋಡಿ ಬಂದ ರೊಟ್ಟಿಗಳನ್ನೆಲ್ಲ ಪರಾತದಲ್ಲಿ ಸುರುವಿ ಕೈಯಿಂದ ಪುಡಿ ಮಾಡಿದೆ. ಆ ಸಪ್ಪಳಕ್ಕೆ ಒಬ್ಬೊಬ್ಬರೇ ಎದ್ದು ಬಂದರು. ಮಜ್ಜಿಗೆ ಚಿಮುಕಿಸಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯ ಒಗ್ಗರಣೆ ಹಾಕಿದೆ. ಮನೆಯವರು ತಿಂದರು, ಹಿಂದಿನ ಸಂಜೆ ಕಿಟಕಿ ತೆಗೆದು ನೋಡಿದ್ದ ಪಕ್ಕದ ಮನೆಯವರು ತಿಂದರು, ಅಶೋಕ ತನ್ನ ಪಾಲು ತಿಂದು ಶಾಂತವ್ವನ ಪಾಲಿಗೂ ಕೈ ಹಾಕಿದ. ಡಬ್ಬಿ ಖಾಲಿಯಾಯಿತು. ಬೂದಿ ಹಚ್ಚಿ ತೊಳೆದು ಬಿಸಿಲಿಗೆ ಬೋರಲು ಹಾಕಿದೆ.

ಆಮೇಲೆ ಹೊಸ ಹಿಟ್ಟು ಜರಡಿ ಹಿಡಿದು, ಬಿಸಿನೀರು ಸುರಿದೆ. ಶಾಂತವ್ವ ಹಿತ್ತಲಿಗೆ ಹೋಗುವ ತನಕ ಕಾದೆ. ಅವಳು ಹೋದಳು. ಮೇಲಿನ ಗೂಡಿನಿಂದ ಉಪ್ಪಿನ ಬರಣಿ ತೆಗೆದು, ಹಿಟ್ಟಿಗೆ ಒಂದು ಚಿಟಿಕೆ ಹಾಕಿ, ಯಾರೂ ನೋಡುವ ಮೊದಲೇ ನಾದಿಬಿಟ್ಟೆ.